ಓಗಿಶಿಮಾ ದಾರಿ ಬಿಟ್ಟ ಭಾನುವಾರ

ಗಿರಿಧರ್ ಹೊಸಮನಿಯ ಪ್ರಕಾರ ಫುಟ್‌ಬಾಲಿನಲ್ಲಿ ಎರಡೇ ಜಾತಿ: ಒಬ್ಬ ಗೋಲ್‌ಕೀಪರ್, ಉಳಿದವರು ಕೂಲಿಗಳು. ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಲೆಯ ಮುಂದೆ ನಿಂತು 'ಭಲೇ' ಅನ್ನಿಸಿಕೊಂಡವನು ಅವನು. ಈಗ ಜರ್ಮನಿಯ ಡಾರ್ಮ್‌ಸ್ಟಾಟ್ ಪಕ್ಕದ ಒಂದು ಕಾರು ಕಂಪನಿಗೆ ಬ್ರೇಕಿನ ಸಾಫ್ಟ್‌ವೇರ್ ಬರೆಯುತ್ತಾನೆ. ಬಾಯಿಗೆ ಮಾತ್ರ ಬ್ರೇಕಿಲ್ಲ. ಭಾನುವಾರಗಳಲ್ಲಿ ಬಡಾವಣೆಯ ಕ್ಲಬ್ಬಿನ ಮೂರನೇ ತಂಡಕ್ಕೆ ಕೀಪರ್. ಮೂರನೇ ತಂಡವೆಂದರೆ ಜರ್ಮನ್ ಫುಟ್‌ಬಾಲಿನ ಕಟ್ಟಕಡೆಯ ಮೆಟ್ಟಿಲು. ಅದರ ಕೆಳಗೆ ಬರೀ ನೆಲ, ಅದೂ ಕೆಸರು.

ಕಾಲೆಳೆಯುವುದು ಡಿಫೆಂಡರನ ಕಸುಬು. ಈ ತಂಡದಲ್ಲಿ ಅದನ್ನೂ ಕೀಪರನೇ ಬಾಯಿಯಿಂದ ಮಾಡುತ್ತಿದ್ದ. ಕೋಚ್ ಡೀಟರ್ ಸೀನುವುದು, ರೆಫರಿ ವಾದ ಮಾಡುವುದು, ಟ್ರಾಮಿನೊಳಗೆ ಮುಂದಿನ ನಿಲ್ದಾಣ ಸಾರುವ ಹೆಂಗಸಿನ ದನಿ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವನು ತಕೆಓ ಓಗಿಶಿಮಾ.

ಓಗಿಶಿಮಾ ಈ ಕೆಸರಿಗೆ ಬರುವ ಮುಂಚೆ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದವನು. ಜಪಾನಿನ ಹಿಮ ಬೀಳುವ ಸೀಮೆಯಿಂದ ಹರೆಯದಲ್ಲೇ ಜರ್ಮನಿಗೆ ಬಂದು, ಎರಡನೇ ದರ್ಜೆಯ ಲೀಗಿನಲ್ಲಿ ವರ್ಷಗಟ್ಟಲೆ ಡಿಫೆನ್ಸಿನ ನಡುವೆ ನಿಂತಿದ್ದ. ಒಂದು ಋತು ಮೊದಲ ದರ್ಜೆಯ ಬುಂಡೆಸ್‌ಲೀಗಾದ ಹುಲ್ಲನ್ನೂ ತುಳಿದಿದ್ದ. ಆಮೇಲೆ ಮೊಣಕಾಲು ಕೈಕೊಟ್ಟಿತು. ಈಗ ಡಾರ್ಮ್‌ಸ್ಟಾಟಿನಲ್ಲಿ ಅವನದೇ ಫಿಸಿಯೋಥೆರಪಿ ಕ್ಲಿನಿಕ್, ಗಿರಿಧರನದಕ್ಕಿಂತ ಉದ್ದದ ಕಾರು. ಮಗಳು ಇದೇ ಕ್ಲಬ್ಬಿನಲ್ಲಿ ಆಡುವುದರಿಂದ, ಡೀಟರ್ ಗೋಗರೆದದ್ದಕ್ಕೆ ಮೂರನೇ ತಂಡಕ್ಕೆ ಕಾಲು ಕೊಟ್ಟಿದ್ದ.

ಗಿರಿಧರ್ ಅವನ ವೃತ್ತಿಜೀವನವನ್ನು ಯೂಟ್ಯೂಬಿನಲ್ಲಿ ಹುಡುಕಿದ್ದ. ಸಿಕ್ಕಿದ್ದು ಬೇರೆಯವರು ಗೋಲು ಹೊಡೆಯುವಾಗ ಚಿತ್ರದ ಮೂಲೆಯಲ್ಲಿ ಕಂಡ ಅವನ ಬೆನ್ನು. ಆಗದೇ ಹೋದ ಗೋಲುಗಳ ವಿಡಿಯೋವನ್ನು ಯಾರು ಹಾಕುತ್ತಾರೆ?

"ಇಂವ ಬುಂಡೆಸ್‌ಲೀಗಾ ಆಡಿದ್ರ, ನಾ ಬಿಜಾಪುರದ ಗೋಲಗುಮ್ಮಟದಾಗ ಗೋಲ್ ಕಾಯ್ದೀನಿ," ಎಂದ ಗಿರಿಧರ್, ಅಭ್ಯಾಸ ಮುಗಿಸಿ ಟ್ರಾಮಿನಲ್ಲಿ ಕೂತಾಗ. "ಓಡೂದಿಲ್ಲ, ಬೀಳೂದಿಲ್ಲ, ಅಂಗಿಗೆ ಮಣ್ಣ ಹತ್ತೂದಿಲ್ಲ. ಮದಿವಿಗೆ ಬಂದ ಬೀಗರಂಗ ನಿಂತಿರ್ತಾನ." ಆಮೇಲೆ ಮಂಡ್ಯದ ಗೌಡರೊಬ್ಬರನ್ನು ಗಂಟಲಿಗೆ ಕರೆಸಿಕೊಂಡ. "'ಓಗಿ ಸಿವಾ' ಅಂದ್ರೆ ಓಗಾಕಿಲ್ಲ, 'ಬನ್ನಿ ಸಿವಾ' ಅಂದ್ರೆ ಬರಾಕಿಲ್ಲ!"

ಪಕ್ಕದಲ್ಲಿದ್ದ ಉಡುಪಿಯ ಅಕ್ಷತ್, ತಂಡದ ರೈಟ್ ಬ್ಯಾಕ್, ನಕ್ಕ. ನಕ್ಕು ಹೇಳಿದ: "ಆದ್ರೆ ಈ ಸೀಸನ್ ನಿನ್ನ ಹತ್ರ ಬಾಲ್ ಬಂದದ್ದೇ ಕಡಿಮೆ ಮಾರಾಯ. ಯಾಕೇಂತ ಯೋಚನೆ ಮಾಡಿದ್ದುಂಟಾ?"

"ನನ್ನ ಮಾರಿ ನೋಡಿ ಮಗಾ. ನೋಡಿದ ಕೂಡ್ಲೇ ಅವರ ಕಾಲು ತಣ್ಣಗಾಗ್ತಾವ."

"ಮಾರಿ ನೋಡಿಯಾ? ಹಾಂ, ಅದು ಇರ್ಬಹುದು."

ಅಷ್ಟರಲ್ಲಿ ಕ್ಲಬ್ಬಿನ ಮೊದಲನೇ ತಂಡದ ಕೀಪರ್ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಆ ತಂಡದ ಕೋಚ್ ಫ್ರಾವ್, ಅಂದರೆ ಶ್ರೀಮತಿ, ಬ್ರೆನ್ನರ್, ಮುಂದಿನ ಭಾನುವಾರ ಗಿರಿಧರನ ಆಟ ನೋಡಿ ತೀರ್ಮಾನಿಸುವುದಾಗಿ ಹೇಳಿದಳು. ಗಿರಿಧರ್ ಅವಳಿಗಿಂತ ಮೊದಲೇ ತೀರ್ಮಾನಿಸಿಬಿಟ್ಟ. ಅಲ್ಲಿನ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ 'ಮೊದಲನೇ ತಂಡಕ್ಕೆ ಆಯ್ಕೆ' ಎಂದು ಬರೆದು, ಎಲ್ಲರನ್ನೂ ಪಂದ್ಯಕ್ಕೆ ಕರೆದ. ಇನ್ನು ಆಯ್ಕೆಯಾಗುವುದೊಂದೇ ಬಾಕಿ.

ಹೆಂಡತಿ ರಚನಾ ಕೇಳಿದಳು: "ಬಾಲೇ ಬರಲಿಲ್ಲಂದ್ರ ಆಕಿಗೆ ಏನ್ ತೋರಸ್ತೀರಿ? ಹಲ್ಲ?"

ಈ ಮಾತು ನಾಟಿತು. ಕಳೆದ ಪಂದ್ಯದಲ್ಲಿ ಅವನು ಗೋಲುಗಂಬಕ್ಕೊರಗಿ ಆಕಳಿಸಿದ್ದನ್ನು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಆಕಳಿಕೆ ನೋಡಿ ಯಾರು ಬಡ್ತಿ ಕೊಡುತ್ತಾರೆ?

ಭಾನುವಾರ ಪಂದ್ಯಕ್ಕೆ ಮುಂಚೆ ಓಗಿಶಿಮಾ ಬೂಟಿನ ಲೇಸು ಕಟ್ಟುತ್ತಿದ್ದಾಗ ಗಿರಿಧರ್ ಬಗ್ಗಿ, ತನ್ನ ಕುಂಟು ಜರ್ಮನ್‌ನಲ್ಲಿ ಪಿಸುಗುಟ್ಟಿದ: "ಇವತ್ತು ಒಂದಷ್ಟು ಚೆಂಡು ನನ್ನ ಕಡೆ ಬಿಡು. ನಾಲ್ಕೈದು. ಅವಳು ನನ್ನನ್ನು ನೋಡಬೇಕು."

ಓಗಿಶಿಮಾ ತಲೆಯೆತ್ತಿ, ಕ್ಲಿನಿಕ್ಕಿಗೆ ಬಂದ ಸವೆದ ಮಂಡಿಯನ್ನು ನೋಡುವ ಹಾಗೆ ಅವನನ್ನು ನೋಡಿದ. "ಯಾವ ಕಡೆಯಿಂದ?"

"ಯಾವ ಕಡೆಯಿಂದಾದರೂ ಸರಿ," ಎಂದ ಗಿರಿಧರ್, ಊರು ಉಂಬಳಿ ಕೊಡುವ ದೊರೆಯಂತೆ.

ಪಂದ್ಯ ಶುರುವಾಯಿತು. ಎದುರಾಳಿಗಳ ವಿಂಗರ್, ಅಂಚಿನಲ್ಲಿ ಓಡುವ ಗುಲಾಬಿ ಬೂಟಿನವನೊಬ್ಬ, ಎಡಗಡೆಯಿಂದ ನುಗ್ಗಿದ. ಓಗಿಶಿಮಾ ಅರ್ಧ ಹೆಜ್ಜೆ, ಅರ್ಧವೇ, ಪಕ್ಕಕ್ಕೆ ಸರಿದ. ಮನೆಗೆ ಬಂದವರಿಗೆ ಬಾಗಿಲು ತೆಗೆದ ಹಾಗಿತ್ತು. ಗಿರಿಧರ್ ಹಾರಿದ. ಏನು ಹಾರಿಕೆ ಅದು! ಗೋಡೆಗೆ ತೂಗುಹಾಕಬಹುದಾದ ಹಾರಿಕೆ. ಚೆಂಡು ಮಾತ್ರ ಇನ್ನೊಂದು ಮೂಲೆಯಿಂದ ಒಳಗೆ ಹೋಯಿತು. ಎರಡನೆಯದು ಅವನ ಕಾಲುಗಳ ನಡುವೆ, ಸ್ವಂತ ಓಣಿಯಲ್ಲಿ ನಡೆದಂತೆ ಹೋಯಿತು. ಮೂರನೆಯದನ್ನು ಅವನು ಹಿಡಿದ, ಹಿಡಿದುಕೊಂಡೇ ಗೆರೆಯ ಆಚೆ ಬಿದ್ದ. ಅವರಿಗೆ ಗೋಲು, ಇವನಿಗೆ ಗೋಳು. ಥರ್ಮಾಸಿನ ಚಹಾ ಹಿಡಿದು ಬಂದಿದ್ದ ಕನ್ನಡ ಬಳಗ ಕಪ್ಪಿನೊಳಗೆ ಏನೋ ಬಿದ್ದಂತೆ ಕಪ್ಪನ್ನೇ ನೋಡತೊಡಗಿತು.

ವಿರಾಮದಲ್ಲಿ ಡೀಟರ್ ಓಗಿಶಿಮಾನ ಮೇಲೆ ಹರಿಹಾಯ್ದ. ನಿದ್ದೆ ಮಾಡುತ್ತೀಯಾ, ಆ ಗುಲಾಬಿ ಬೂಟಿಗೆ ದಾರಿ ತೋರಿಸುತ್ತೀಯಾ, ಎಂದು ಕಿರುಚಿದ.

"ಇವನಿಗೆ ಎಂತಾಯ್ತು ಇವತ್ತು?" ಎಂದ ಅಕ್ಷತ್.

ಓಗಿಶಿಮಾ ಗಿರಿಧರನತ್ತ ತಿರುಗಿ, ಅವನೇ ಹೇಳಲೆಂದು ಕಾದ. ಗಿರಿಧರ್ ಕೈಗವಸಿನ ಪಟ್ಟಿಯನ್ನು ಬಿಚ್ಚಿದ, ಮತ್ತೆ ಕಟ್ಟಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಜರ್ಮನ್‌ನಲ್ಲಿ, "ಪಾಪ, ವಯಸ್ಸಾಯಿತು," ಎಂದ.

ಹೊರಗೆ ಹೋಗುವಾಗ ಓಗಿಶಿಮಾನನ್ನು ಬಾಗಿಲ ಬಳಿ ತಡೆದು, "ಸಾಕು, ಇನ್ನು ಬಿಡಬೇಡ," ಎಂದ, ಮೆಲ್ಲಗೆ.

"ಬಿಡು ಎಂದದ್ದು ಗುಟ್ಟಾಗಿ. ಅದನ್ನು ಮಾಡಿದೆ," ಎಂದ ಓಗಿಶಿಮಾ. "ತಡೆ ಎನ್ನುವುದನ್ನು ಮೈದಾನದಲ್ಲಿ ಕೂಗಿ ಹೇಳು. ಕೀಪರನ ಬಾಯಿ ಇರುವುದು ಅದಕ್ಕೆ. ಇಡೀ ವರ್ಷ ನೀನು ಒಮ್ಮೆಯೂ ಅದಕ್ಕಾಗಿ ಅದನ್ನು ಬಳಸಿಲ್ಲ."

ಎರಡನೇ ಅರ್ಧದಲ್ಲಿ ಫ್ರಾವ್ ಬ್ರೆನ್ನರ್ ಮೈದಾನದ ಬದಿಯಿಂದ ಬಂದು ಗೋಲಿನ ಹಿಂದೆಯೇ ನಿಂತಳು. ಗುಲಾಬಿ ಬೂಟು ಬಂತು. ಕೂಗಿದರೆ ಅವಳಿಗೆ ಕೇಳುತ್ತದೆ, ಕೂಗದಿದ್ದರೆ ಅವಳಿಗೆ ಕಾಣುತ್ತದೆ. ಗಿರಿಧರನ ಗಂಟಲಿನ ಬಾಡಿಗೆದಾರರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಿದ್ದರು. ನಾಲ್ಕನೆಯದು ಒಳಹೋಯಿತು.

ಮತ್ತೆ ಬಂತು ಗುಲಾಬಿ ಬೂಟು. ಈ ಸಲ ಗಿರಿಧರನಿಗೆ ಬಾಯಿ ಬಂತು. ಗಾಬರಿಯಲ್ಲಿ ಹುಬ್ಬಳ್ಳಿಯದೇ ಬಂತು.

"ಸಾಕ್ರೀ! ಬಿಡ್ರಿ ಅಂದದ್ದು ನಂದ ತಪ್ಪಾತು! ಹಿಡೀರಿ ಅವನ್ನ!"

ಹೀಗಾಗಿ ಸುದ್ದಿ ಮೊದಲು ಮುಟ್ಟಿದ್ದು ಕನ್ನಡ ಬಳಗಕ್ಕೆ. ರಚನಾ ಥರ್ಮಾಸಿನ ಮುಚ್ಚಳ ಹಾಕಿದಳು. ಓಗಿಶಿಮಾನಿಗೆ ಕನ್ನಡ ಬಾರದು, ಅವನು ನಿಂತಲ್ಲೇ ನಿಂತಿದ್ದ. ಅದನ್ನೇ ಗಿರಿಧರ್ ಜರ್ಮನ್‌ನಲ್ಲಿ ಮತ್ತೆ ಕೂಗಬೇಕಾಯಿತು, 'ನಂದ ತಪ್ಪಾತು' ಸಹಿತ. ಆಗ ಡೀಟರನಿಗೂ, ರೆಫರಿಗೂ, ಬೆನ್ನ ಹಿಂದಿದ್ದ ಫ್ರಾವ್ ಬ್ರೆನ್ನರಳಿಗೂ ತಿಳಿಯಿತು. ತರ್ಜುಮೆ ಮುಗಿಯುವಷ್ಟರಲ್ಲಿ ಐದನೆಯದೂ ಒಳಗಿತ್ತು.

ಓಗಿಶಿಮಾ ತಲೆಯಾಡಿಸಿದ. ಸರಿದಿದ್ದ ಅರ್ಧ ಹೆಜ್ಜೆಯನ್ನು ವಾಪಸು ಇಟ್ಟ. ಅಷ್ಟೇ. ಓಡಲಿಲ್ಲ, ಬೀಳಲಿಲ್ಲ, ಅಂಗಿಗೆ ಮಣ್ಣು ಹತ್ತಲಿಲ್ಲ. ಗುಲಾಬಿ ಬೂಟಿನವನು ಎಡದಿಂದ ಬಂದರೆ ಅಲ್ಲಿ ಓಗಿಶಿಮಾ, ಬಲದಿಂದ ಬಂದರೆ ಅಲ್ಲೂ ಅವನೇ, ಮೊದಲೇ ಬಂದು ಬಸ್ಸಿಗೆ ಕಾಯುತ್ತಿರುವವನಂತೆ. ಅಲ್ಲಿಂದ ಕೊನೆಯ ಸೀಟಿಯವರೆಗೆ ಗಿರಿಧರನ ಬಳಿಗೆ ಬಂದದ್ದು ತಣ್ಣನೆಯ ಗಾಳಿಯೊಂದೇ.

ಫ್ರಾವ್ ಬ್ರೆನ್ನರ್ ಅವನ ಕೈ ಕುಲುಕಿದಳು. "ಕೊನೆಗೆ ಬಹಳ ಚೆನ್ನಾಗಿ ನಿಂತಿದ್ದೆ," ಎಂದಳು. "ಬರೀ ನಿಂತಿದ್ದೆ, ಅದೇ ಚೆನ್ನಾಗಿತ್ತು." ಆಮೇಲೆ ಮೈದಾನ ದಾಟಿ ಎದುರಾಳಿಗಳ ಗುಂಪಿಗೆ ಹೋಗಿ ಗುಲಾಬಿ ಬೂಟಿನವನ ಫೋನ್ ನಂಬರು ಕೇಳಿದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಡೀಟರ್ ಸೀನಿದ. ಅದನ್ನು ಯಾರೂ ಅಣಕಿಸಲಿಲ್ಲ.

"ಎಂತಾದ್ರೂ ಮಿಮಿಕ್ರಿ ಮಾಡು ಮಾರಾಯ, ಸಾವಿನ ಮನೆ ಹಾಗೆ ಉಂಟು," ಎಂದ ಅಕ್ಷತ್.

ಗಿರಿಧರ್ ಕೈಗವಸಿನ ಕೆಸರನ್ನು ಉಗುರಿನಿಂದ ಕೆರೆಯತೊಡಗಿದ.

ಓಗಿಶಿಮಾ ಬ್ಯಾಗಿನ ಜಿಪ್ಪು ಎಳೆದು, ಹೆಗಲಿಗೇರಿಸಿ, ಅವನ ಮುಂದೆ ಒಂದು ಗಳಿಗೆ ನಿಂತ.

"ಮುಂದಿನ ಭಾನುವಾರವೂ ಚೆಂಡು ಬಿಡಬೇಕಿದ್ದರೆ ಶುಕ್ರವಾರವೇ ತಿಳಿಸು," ಎಂದ. "ನಾನು ಮನೆಯಲ್ಲೇ ಇರುತ್ತೇನೆ."