ಮಹಡಿ ಮೇಲಿನ ನೆಲದವರು

ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವವಳಿಗೆ ಕಾರ್ಖಾನೆಯವರು ಹೊಸ ಮನೆ ಕೊಟ್ಟರು. ಎರಡು ಕೋಣೆ, ಅಡುಗೆಮನೆ, ಬೀದಿಯ ಕಡೆಗೊಂದು ಬಾಲ್ಕನಿ. ಹಳೆಯ ಮನೆಯ ಹಾಗೆ ಮಳೆ ಬಂದರೆ ನೀರು ನುಗ್ಗುವ ಭಯವಿರಲಿಲ್ಲ. ಆದರೆ ಮನೆ ಮಹಡಿಯ ಮೇಲಿತ್ತು. ಅವಳ ಜನದಲ್ಲಿ ಅದುವರೆಗೆ ಯಾರೂ ಮಹಡಿ ಹತ್ತಿ ಸಂಸಾರ ಹೂಡಿದ್ದಿಲ್ಲ.

ಆ ಜನ ತಮ್ಮನ್ನು ನೆಲದವರು ಎಂದು ಕರೆದುಕೊಳ್ಳುತ್ತಿದ್ದರು. ಎರಡೇ ಕಾಲಲ್ಲಿ ನಡೆಯುತ್ತಿದ್ದರೂ ಆನೆಯ ಸೊಂಡಿಲು, ಮೊರದಗಲ ಕಿವಿ, ಒರಳುಕಲ್ಲಿನಂಥ ಪಾದ. ಲೋಕದಲ್ಲಿ ಮೊದಲು ಇದ್ದದ್ದು ಬರೀ ಗುಡ್ಡಗಳು ಎಂದು ಅವರ ಅಜ್ಜಿಯರು ಹೇಳುತ್ತಿದ್ದರು. ಗುಡ್ಡಗಳು ಕೂತಲ್ಲೇ ಕೂತು ನೆಲದೊಳಗಿಂದ ಮಾತಾಡಿಕೊಳ್ಳುತ್ತಿದ್ದವಂತೆ. ಕೂತು ಕೂತು ಬೇಸರ ಬಂದ ಕೆಲವು ಎದ್ದು ನಡೆದವು. ನೆಲದವರು ಅವುಗಳ ಮಕ್ಕಳು. ಉಳಿದ ಗುಡ್ಡಗಳು ಅವರನ್ನು ಬೈಯಲಿಲ್ಲ. “ಎಲ್ಲಿಗಾದ್ರೂ ಹೋಗಿ, ಮಾತು ಮಾತ್ರ ಬಿಡಬೇಡಿ” ಅಂದವು.

ಅದಕ್ಕೇ ನೆಲದವರು ಪಾದದಿಂದ ಕೇಳಿಸಿಕೊಳ್ಳುತ್ತಿದ್ದರು. ಇಲ್ಲಿ ನಿಂತು ಎದೆಯೊಳಗಿಂದ ಗುಂಯ್ಯೆಂದರೆ ಹೊಳೆಯಾಚೆಯ ನೆಂಟರ ಅಂಗಾಲಿಗೆ ಮುಟ್ಟುತ್ತಿತ್ತು. ಮನೆ ಹೆಂಗಸರದು, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರಬೇಕು, ಹಿರಿಯ ಹೆಂಗಸು ಹೇಳಿದ್ದೇ ಕೊನೆಯ ಮಾತು. ಯಾರದಾದರೂ ದನಿ ಬಹಳ ದಿನ ನೆಲದಲ್ಲಿ ಕೇಳದಿದ್ದರೆ ಅವರು ತೀರಿಕೊಂಡರೆಂದೇ ಅರ್ಥ. ಆಗ ನೆಂಟರು ನಡೆದು ಬಂದು, ಸತ್ತವರ ಮೂಳೆಗಳನ್ನು ಸೊಂಡಿಲಿನಿಂದ ಸವರಿ ಹೋಗುತ್ತಿದ್ದರು.

ಹೊಸ ಮನೆಯಲ್ಲಿ ಇದ್ದವರು ಇಬ್ಬರೇ, ಅಮ್ಮ ಮತ್ತು ಮಣ್ಣು ತುಳಿಯುವ ಮಗಳು. ಅಮ್ಮ ಮಂಡಿನೋವು ನುಂಗಿಕೊಂಡು, ಗೋಡೆಗೆ ಮೈ ಉಜ್ಜುತ್ತ ಮೆಟ್ಟಿಲು ಹತ್ತಿದಳು. ಹತ್ತಿದವಳು ಮತ್ತೆ ಇಳಿಯಲಿಲ್ಲ.

ಮಗಳಿಗಂತೂ ಹೊಸ ಮನೆ ಹಿಡಿಸಿಬಿಟ್ಟಿತು. ಹಳೆಯ ಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿದರೆ ಸಾಕು, ಯಾವುದೋ ಮಾವನ ಸೊಂಟನೋವು, ಯಾರದೋ ಅಳಿಯನ ಮೇಲಿನ ದೂರು, ಎಲ್ಲ ಅಂಗಾಲಿನಿಂದ ಏರಿ ಬರುತ್ತಿತ್ತು. ಕಾರ್ಖಾನೆಯ ಗದ್ದಲದಲ್ಲಿ ಹೇಗೂ ನೆಲದ ಮಾತು ಕೇಳುತ್ತಿರಲಿಲ್ಲ, ಇಲ್ಲಿ ಮನೆಯಲ್ಲೂ ಪಾದಕ್ಕೆ ಏನೂ ಕೇಳುತ್ತಿರಲಿಲ್ಲ. ದಿನವಿಡೀ ಮಣ್ಣು ತುಳಿದು ಬಂದವಳು ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದಳು.

ಅಮ್ಮ ಮಾತ್ರ ಸೊರಗುತ್ತ ಹೋದಳು. ಗೆಣಸಿನ ಬುಟ್ಟಿ ಇಟ್ಟಲ್ಲೇ ಇರುತ್ತಿತ್ತು.

“ಊಟ ಯಾಕಮ್ಮಾ ಸೇರ್ತಿಲ್ಲ?”

“ಹೊಸ ಜಾಗ ಅಲ್ವಾ, ಸರಿಹೋಗುತ್ತೆ ಬಿಡು.”

ಮಗಳು ನಂಬಿದಳು. ಒಂದು ದಿನ ಕೆಳಗಿನ ಮನೆಯ ದರ್ಜಿ ಅವಳನ್ನು ತಡೆದು ನಿಲ್ಲಿಸಿದ. ಅವನು ಸಣ್ಣಮಂದಿಯವನು, ಅಂದರೆ ಸೊಂಡಿಲಿಲ್ಲದವನು. ಅವನ ಕೋಣೆಗೆ ಬೆಳಕೇ ಇಲ್ಲದ್ದರಿಂದ ಹಾಡುಹಗಲೇ ದೀಪ ಹಚ್ಚಿಕೊಂಡು ಹೊಲಿಯುತ್ತಿದ್ದ.

“ನೋಡಮ್ಮಾ, ನಿಮ್ಮ ತಾಯಿ ಓಡಾಡ್ಲಿ, ಬೇಡ ಅನ್ನಲ್ಲ. ಆದ್ರೆ ಮಧ್ಯಾಹ್ನ ಆದ್ರೆ ಒಂದೇ ಕಡೆ ನಿಂತು ದಬದಬ ಅಂತ ಕುಟ್ತಾರೆ. ಸೂಜಿ ಬಟ್ಟೆ ಬಿಟ್ಟು ನನ್ನ ಬೆರಳು ಹೊಲಿಯುತ್ತೆ!”

ಮಗಳಿಗೆ ಅರ್ಥವಾಯಿತು. ಮಧ್ಯಾಹ್ನವೆಂದರೆ ಅಮ್ಮ ಹಳೆಯ ಹಿತ್ತಲಲ್ಲಿ ನಿಂತು ಹೊಳೆಯಾಚೆಯ ತಂಗಿಯ ಜೊತೆ ಮಾತಾಡುವ ಹೊತ್ತು. ಗಾರೆಯ ಮೇಲೆ ನಿಂತು ಅಮ್ಮ ಕೂಗಿದ್ದು ಕೆಳಗಿನ ದರ್ಜಿಯವರೆಗೆ ಮಾತ್ರ ಹೋಗುತ್ತಿತ್ತು.

ಇದನ್ನು ಅಮ್ಮನ ಬಳಿ ಹೇಗೆ ಎತ್ತುವುದು ಎಂದು ಅವಳು ಯೋಚಿಸುತ್ತಿರುವಾಗಲೇ ಬೀದಿಯ ತಿರುವಿನಲ್ಲಿ ಒಂದು ಗುಂಪು ಕಾಣಿಸಿತು. ನೆಲದವರೇ. ಮೈತುಂಬ ಧೂಳು, ಸೊಂಡಿಲು ಕೆಳಗೆ ಜೋತುಬಿದ್ದಿತ್ತು. ಎಲ್ಲರಿಗಿಂತ ಮುಂದೆ ಚಿಕ್ಕಮ್ಮ, ಅಮ್ಮನ ತಂಗಿ. ಅವಳು ನೇರ ದರ್ಜಿಯ ಬಾಗಿಲಿಗೆ ಬಂದಳು.

“ನಮ್ಮಕ್ಕನ ಮೂಳೆ ಎಲ್ಲಿಟ್ಟಿದೀರಪ್ಪಾ?”

ದರ್ಜಿ ಒಂದು ಹೆಜ್ಜೆ ಹಿಂದೆ ಸರಿದ. “ಮೂಳೆನಾ? ಮೇಲಿದೆ... ಅಂದ್ರೆ, ಮೈಕೈ ಸಮೇತ ಮೇಲಿದಾರೆ! ಈಗಷ್ಟೇ ಕುಟ್ಟಿದ್ರು.”

ಬಾಲ್ಕನಿಯಿಂದ ಅಮ್ಮ ಇಣುಕಿದಳು. ಚಿಕ್ಕಮ್ಮ ತಲೆಯೆತ್ತಿ ನೋಡಿದವಳು ಮೊದಲು ಗೋಳೋ ಎಂದು ಅತ್ತಳು, ಆಮೇಲೆ ಬೈಯಲು ಶುರುಮಾಡಿದಳು. “ಬದುಕಿದ್ದೂ ಸತ್ತವರ ಹಾಗಿರ್ತಾರೇನೇ ಅಕ್ಕಾ? ಹನಿ ನೀರು ಕುಡೀದೆ ನಡ್ಕೊಂಡು ಬಂದಿದೀನಿ, ನಿನ್ನ ಮೂಳೆ ನೋಡೋದಕ್ಕೆ!”

ಅಮ್ಮ ಮೆಟ್ಟಿಲಿನ ಮೇಲೆ ಕೂತು ಕೂತು, ಒಂದೊಂದಾಗಿ ಜಾರಿಕೊಂಡು ಇಳಿದಳು. ಮಗಳು ಹಿಡಿಯಲು ಹೋದರೆ ಬೇಡವೆಂದಳು. ಬೀದಿಯ ಮಣ್ಣಿಗೆ ಪಾದ ಊರಿ ಕಣ್ಣು ಮುಚ್ಚಿ ನಿಂತಳು. ಚಿಕ್ಕಮ್ಮ ಹತ್ತಿರ ಬಂದು ಅಕ್ಕನ ಹಣೆ, ದವಡೆ, ಭುಜದ ಎಲುಬುಗಳನ್ನು ಚರ್ಮದ ಮೇಲಿಂದಲೇ ಸವರಿದಳು. ಸವರಲೆಂದೇ ಬಂದಿದ್ದ ಸೊಂಡಿಲು ಸುಮ್ಮನೆ ಹಿಂದಿರುಗಲು ಒಪ್ಪಲಿಲ್ಲವೇನೋ. ಬಂದವರೆಲ್ಲ ಸರದಿಯಲ್ಲಿ ಹಾಗೇ ಮಾಡಿದರು. ಅಮ್ಮ ತಲೆಬಗ್ಗಿಸಿ ಮಾಡಿಸಿಕೊಂಡಳು.

ಬಂದವರು ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಮಗಳು ಅಮ್ಮನನ್ನು ಕೇಳಿದಳು. “ನಂಗ್ಯಾಕಮ್ಮಾ ಹೇಳ್ಲಿಲ್ಲ?”

“ನೀನು ನಿದ್ದೆ ಮಾಡ್ತಿದ್ದೆ. ಮಗುವಾಗಿದ್ದಾಗಿಂದ ನೀನು ಹಾಗೆ ಮಲಗಿದ್ದು ನೋಡಿರ್ಲಿಲ್ಲ. ಎಬ್ಬಿಸೋದು ಬೇಡ ಅನ್ನಿಸ್ತು.”

“ನಾಳೆನೇ ಹಳೆ ಮನೆಗೆ ಹೋಗಿಬಿಡೋಣ.”

“ಹೋಗ್ಲೇಬೇಕು,” ಎಂದಳು ಚಿಕ್ಕಮ್ಮ. “ನೆಲ ಬಿಟ್ಟವರನ್ನ ನೆಲದವರು ಅನ್ನೋದು ಹೇಗೆ?”

ಮಗಳಿಗೆ ಅದು ಚುಚ್ಚಿತು. ಮನೆ ಬಿಡಲು ಸಿದ್ಧಳಿದ್ದಳು, ತಪ್ಪು ಒಪ್ಪಿಕೊಳ್ಳಲು ಸಿದ್ಧಳಿರಲಿಲ್ಲ. “ನಾವು ಎದ್ದ ಗುಡ್ಡದ ಮಕ್ಕಳಲ್ವಾ ಚಿಕ್ಕಮ್ಮಾ? ಕೂತ ಗುಡ್ಡದವರಲ್ಲವಲ್ಲ. ನಾನು ಇನ್ನೊಂಚೂರು ಮೇಲೆದ್ದೆ, ಅಷ್ಟೇ.”

ಅಮ್ಮನ ಕಿವಿಗಳು ಮೆಲ್ಲಗೆ ಬೀಸಿದವು. ನಗು ಬಂದಾಗ ಅವಳು ಹಾಗೇ ಮಾಡುವುದು. “ನನಗೆ ನೆಲ ಬೇಕು,” ಎಂದಳು. “ಅವಳಿಗೆ ಬೇಡ. ಬೇಡ ಅಂದವಳ ಪಾದ ಹಿಡಿದು ಒತ್ತೋಕಾಗುತ್ತಾ?”

ಬಾಗಿಲಲ್ಲೇ ನಿಂತಿದ್ದ ದರ್ಜಿ ಕೆಮ್ಮಿದ. “ನನಗೆ ಬೇಕಾಗಿರೋದು ಬೆಳಕು. ಅಮ್ಮಾವ್ರಿಗೆ ಬೇಕಾಗಿರೋದು ನೆಲ. ಮೇಲಿನ ಮುಂದಿನ ಕೋಣೆ ನನಗೆ ಬಿಡಿ, ಅವರು ಇಲ್ಲಿರ್ಲಿ. ದೀಪದೆಣ್ಣೆ ಉಳಿಯುತ್ತೆ, ಬೆರಳೂ ಉಳಿಯುತ್ತೆ.”

ಹಿರಿಯಳಾದ ಅಮ್ಮ ಆಗಲಿ ಅಂದಳು, ಅಲ್ಲಿಗೆ ಮುಗಿಯಿತು. ಮಗಳು ಕೆಳಗಿನ ಕೋಣೆಯ ಒಂದು ಮೂಲೆಯ ಹಾಸುಗಲ್ಲು ಕಿತ್ತು, ಮಣ್ಣು ಹದಮಾಡಿ ತುಳಿದು ಕೊಟ್ಟಳು. ಚಿಕ್ಕಮ್ಮ ಕೆಲವು ದಿನ ಉಳಿದಳು. ಅಷ್ಟು ವರ್ಷ ನೆಲದಲ್ಲಿ ಬಿಡುವಿಲ್ಲದೆ ಮಾತಾಡಿದ್ದ ಅಕ್ಕತಂಗಿಯರಿಗೆ ಎದುರೆದುರು ಕೂತಾಗ ಮಾತು ತಡವರಿಸುತ್ತಿತ್ತು. ಅವಳು ಹೊಳೆ ದಾಟಿ ಮನೆ ಮುಟ್ಟಿದ ಮೇಲೆಯೇ ಹರಟೆ ಮೊದಲಿನಂತೆ ಹರಿಯಿತು.

ದರ್ಜಿಯ ಗಿರಾಕಿಗಳು ಮೆಟ್ಟಿಲೆಂದು ಗೊಣಗಿದರು. ಅದಕ್ಕೆ ಬಟ್ಟೆ ಇಸಿದುಕೊಳ್ಳುವುದು, ಸೊಂಡಿಲಿಗೆ ಟೇಪು ಸುತ್ತಿಕೊಂಡು ಅಳತೆ ತೆಗೆಯುವುದು ಅಮ್ಮನ ಪಾಲಿಗೆ ಬಂತು. ಮಗಳು ಸಂಜೆ ಕಾರ್ಖಾನೆಯಿಂದ ಬಂದು ಅಮ್ಮನ ಪಕ್ಕ ಕಲ್ಲುಹಾಸಿನ ಮೇಲೆ ಕೂರುತ್ತಿದ್ದಳು, ಮಲಗಲು ಮೇಲಕ್ಕೆ ಹೋಗುತ್ತಿದ್ದಳು. ಒಂದೊಂದು ದಿನ ತಾನಾಗಿಯೇ ಕಾಲು ಚಾಚಿ ಮಣ್ಣಿನ ಮೇಲಿಡುವಳು, ಹೆಚ್ಚಿನ ದಿನ ಇಡುತ್ತಿರಲಿಲ್ಲ. ಅಮ್ಮ ಯಾವತ್ತೂ ಕರೆಯಲಿಲ್ಲ.

“ಏನಂತೆ ಚಿಕ್ಕಮ್ಮ?” ಎಂದು ಒಂದು ಸಂಜೆ ಮಗಳು ಕೇಳಿದಳು.

ಅಮ್ಮ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಆಲಿಸಿದಳು. “ಮಹಡಿ ಮೇಲೆ ಗಾಳಿ ಚೆನ್ನಾಗಿತ್ತು ಅಂತಿದಾಳೆ. ಅವರೂರಲ್ಲಿ ಯಾರೋ ಕಟ್ಟಿಸ್ತಿದಾರಂತೆ. ಮೆಟ್ಟಿಲು ಎಷ್ಟು ಅಗಲ ಇದ್ರೆ ಸರಿಹೋಗುತ್ತೆ ಅಂತ ನಿನ್ನ ಕೇಳ್ಬೇಕಂತೆ.”