ಇಬ್ಬರಿಗಾಗುವ ಗಾಡಿ

ಒಳಗೇ ಮನೆಯಂತೆ ವಾಸಿಸುವ ಹಳೆಯ ಮೋಟಾರ್‌ಹೋಮ್ ನೋಡಲು ಹೋದಾಗ ಮೊದಲ ಕೆಲಸ ಹೆಬ್ಬೆರಳಿನದು. ಕಿಟಕಿಯ ನಾಲ್ಕು ಮೂಲೆ, ಹಾಸಿಗೆಯ ಮೇಲಿನ ಛಾವಣಿ, ಬಾಗಿಲ ಬಳಿಯ ನೆಲ, ಎಲ್ಲ ಕಡೆ ಹೆಬ್ಬೆರಳಿಟ್ಟು ಒತ್ತಬೇಕು. ಗಟ್ಟಿಯಾಗಿದ್ದರೆ ಮುಂದಿನ ಮಾತು. ಬೆರಳು ಒಳಗೆ ಹೋದರೆ ನೀರು ಸೋರಿ ಒಳಗಿನ ಮರ ಕೊಳೆತಿದೆ ಎಂದು ಅರ್ಥ, ಮಾರುವವನಿಗೆ ಕೈಮುಗಿದು ಬಂದುಬಿಡಬೇಕು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಡಿಂಬೂಲ ಎಂಬ ಸಣ್ಣ ಊರಿನಲ್ಲಿ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಗಾಡಿಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಜಂಬ ನನಗಿತ್ತು. ಯಾರೂ ಹಾಕಲೂ ಇಲ್ಲ. ನನಗೆ ನಾನೇ ಹಾಕಿಕೊಂಡೆ.

ನಾವಿದ್ದ ಬಾಡಿಗೆ ಮನೆ ಮಾರ್ಚ್‌ನಲ್ಲಿ ಮಾರಾಟವಾಯಿತು. ನಾನು, ನನ್ನ ತಂಗಿ ಕೊರಲಿ, ಇಬ್ಬರೇ ಹನ್ನೊಂದು ವರ್ಷ ಅಲ್ಲಿದ್ದೆವು. ಮೇ ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಕಾಗದ ಬಂತು. ಊರಿನಲ್ಲಿ ಬಾಡಿಗೆಗಿದ್ದ ಮನೆಗಳು ಎರಡು, ನೋಡಲು ಬಂದವರು ನಲವತ್ತು ಜನ. ಎಪ್ಪತ್ತೊಂದರ ಅಕ್ಕ, ಅರವತ್ತೇಳರ ತಂಗಿ, ಇಬ್ಬರಿಗೂ ಪಿಂಚಣಿಯೇ ಗತಿ. ಏಜೆಂಟ್ ಹುಡುಗಿ ನಮ್ಮ ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಡಿದು ಟ್ರೇಗೆ ಹಾಕಿದಾಗಲೇ ನನಗೆ ಗೊತ್ತಾಯಿತು. ಸರ್ಕಾರಿ ವಸತಿಯವರನ್ನು ಕೇಳಿದರೆ, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅದೂ ಬೇರೆ ಬೇರೆ ಊರಿನಲ್ಲಿ, ಎರಡು ವರ್ಷ ಕಾಯಬೇಕು ಎಂದರು.

"ಬೇರೆ ಬೇರೆ ಇರೋ ಮಾತೇ ಎತ್ಬೇಡ," ಎಂದಳು ಕೊರಲಿ. "ನಿನ್ನ ಕಾಲಿಗೆ ಮುಲಾಮು ಹಚ್ಚೋರ್ಯಾರು? ನನ್ನ ಗೊರಕೆಗೆ ಬೈಯೋರ್ಯಾರು?"

ಹಾಗೆ ಮೋಟಾರ್‌ಹೋಮಿನ ಯೋಚನೆ ಬಂತು. ಜೂನ್‌ನಲ್ಲಿ ಇಲ್ಲಿ ಚಳಿಗಾಲ ಶುರುವಾಗುತ್ತಿದ್ದಂತೆ ನಮ್ಮೂರಿನ ಅರ್ಧ ಮುದುಕರು ಗಾಡಿ ಕಟ್ಟಿಕೊಂಡು ಉತ್ತರಕ್ಕೆ, ಬಿಸಿಲಿರುವ ಕಡೆಗೆ ಹೊರಡುತ್ತಾರೆ. ಅವರಿಗೆ ಅದು ಮೋಜು, ಅಕ್ಟೋಬರ್‌ನಲ್ಲಿ ವಾಪಸ್ ಬರಲು ಮನೆಯಿರುತ್ತದೆ. ನಮ್ಮದು ಹಾಗಲ್ಲ. ಇಬ್ಬರ ನಿವೃತ್ತಿ ಹಣ ಸೇರಿಸಿದರೆ ನಲವತ್ತು ಸಾವಿರ ಡಾಲರ್. ಅದರಲ್ಲಿ ಕೊಳ್ಳುವ ಗಾಡಿಯಲ್ಲೇ ಸಾಯುವವರೆಗೂ ಇರಬೇಕು. ಓಡಿಸಬೇಕಾದವಳು ಕೊರಲಿ. ಸಕ್ಕರೆ ಕಾಯಿಲೆ ನನ್ನ ಕಣ್ಣಿಗೆ ಹತ್ತಿ, ಎರಡು ವರ್ಷದ ಹಿಂದೆಯೇ ಡಾಕ್ಟರು ನನ್ನ ಲೈಸೆನ್ಸ್ ಕಿತ್ತುಕೊಂಡಿದ್ದರು. ಅವಳದು ಬರೀ ಕಾರಿನ ಲೈಸೆನ್ಸ್, ಆದ್ದರಿಂದ ಗಾಡಿ ನಾಲ್ಕೂವರೆ ಟನ್ನಿನ ಒಳಗಿರಬೇಕು.

ಏಳು ಗಾಡಿ ನೋಡಿದೆವು. ಒಂದರ ಛಾವಣಿಗೆ ಬೆರಳಿಟ್ಟರೆ ನೆನೆದ ಬಿಸ್ಕತ್ತಿಗೆ ಇಟ್ಟ ಹಾಗಾಯಿತು. ಇನ್ನೊಂದರ ಬಾಗಿಲು ತೆಗೆದರೆ ಘಮಘಮ ಕೇಕಿನ ವಾಸನೆ, ಒಲೆಯಲ್ಲಿ ಕೇಕು ಬೇಯುತ್ತಿತ್ತು.

"ಅಯ್ಯೋ, ಎಷ್ಟ್ ಒಳ್ಳೆಯವ್ರು ಅಕ್ಕ, ನಮಗೋಸ್ಕರ ಕೇಕ್ ಮಾಡಿದಾರೆ," ಎಂದು ಕೊರಲಿ ಕರಗಿಹೋದಳು.

"ನಮಗೋಸ್ಕರ ಅಲ್ವೇ ಪೆದ್ದಿ, ಬೂಷ್ಟಿನ ವಾಸನೆ ಮುಚ್ಚೋಕೆ. ಆ ಬೆಂಚ್ ಎತ್ತು, ನೋಡು."

ಎತ್ತಿದಳು. ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಅಂಗೈಯಗಲ ಹಬ್ಬಿತ್ತು. ಆದರೂ ಒಂದು ತುಂಡು ಕೇಕು ತಿಂದೇ ಬಂದಳು, ನಾಚಿಕೆಗೆಟ್ಟವಳು.

ಎಂಟನೆಯದು ಸ್ಟಾವೆಲ್ ಊರಿನ ಕ್ಲೈವ್ ಎಂಬವನದು. ಹೆಂಡತಿ ಬಿಟ್ಟುಹೋದ ಮೇಲೆ ಒಬ್ಬನೇ ಒಂಬತ್ತು ವರ್ಷ ಅದರಲ್ಲಿ ದೇಶ ಸುತ್ತಿದ್ದವನು, ಮಂಡಿ ಕೈಕೊಟ್ಟಿತೆಂದು ಮಾರುತ್ತಿದ್ದ. ಜಪಾನಿನ ಚಿಕ್ಕ ಲಾರಿಯ ಮೇಲೆ ಕೂರಿಸಿದ ಗಾಡಿ. ನಾನು ಗೋಡೆಯನ್ನೆಲ್ಲ ಒತ್ತಿದೆ, ಕಲ್ಲಿನ ಹಾಗಿತ್ತು. ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿಸಿ ಹೊಗೆ ನೋಡಿದೆ. ಆಯಿಲ್ ಕಡ್ಡಿ ಎಳೆದು ಮೂಸಿದೆ. ಕೊರಲಿಯ ಕೈಲಿ ಗುಡ್ಡ ಹತ್ತಿಸಿ ಗೇರಿನ ಸದ್ದು ಕೇಳಿದೆ. ಒಂದು ತಪ್ಪೂ ಸಿಗಲಿಲ್ಲ.

"ಮೇಲ್ಗಡೆ ಸೋಲಾರ್ ನಾಲ್ಕು ತಟ್ಟೆ, ನಾನೇ ಹಾಕ್ಸಿದ್ದು," ಎಂದ ಕ್ಲೈವ್. "ಬ್ಯಾಟರಿ ಮೂರು. ಎರಡನೇ ನೀರಿನ ಟ್ಯಾಂಕು. ಮುಂದ್ಗಡೆ ಕಬ್ಬಿಣದ ಬಂಪರ್ ನೋಡಿ, ಕಾಂಗರೂ ಅಡ್ಡ ಬಂದ್ರೆ ಅದ್ರ ಹಣೆಬರಹ. ಪಕ್ಕದಲ್ಲಿ ಎಳೆಯೋ ಬಟ್ಟೆ ಚಪ್ಪರ. ಇದೆಲ್ಲಾ ಗಾಡಿ ಜೊತೆ ಫ್ರೀ ಕಣ್ರಮ್ಮ. ಅದಕ್ಕೇ ಹದಿನೈದು ಸಾವಿರ ಸುರಿದಿದೀನಿ."

ಫ್ರೀ ಎಂದರೆ ಬೇಡವೆನ್ನುವ ಮುದುಕಿ ಯಾರು? ಬಾಗಿಲ ಕೆಳಗೆ ಕಾರ್ಖಾನೆಯವರು ಹೊಡೆದ ತಗಡಿನ ಫಲಕದಲ್ಲಿ ಖಾಲಿ ತೂಕ ಇಷ್ಟು, ಹೊರಬಹುದಾದ ತೂಕ ಇಷ್ಟು ಎಂದು ಬರೆದಿತ್ತು. ಓದಿದೆ, ಸಾಕಷ್ಟಿದೆ ಎಂದುಕೊಂಡೆ. ಕ್ಲೈವ್ ಹಾಕಿಸಿದ ಒಂದೊಂದಕ್ಕೂ ತೂಕವಿದೆ, ಆ ಫಲಕ ಅದ್ಯಾವುದನ್ನೂ ಕಂಡಿಲ್ಲ ಎಂಬುದು ಹೊಳೆಯಲೇ ಇಲ್ಲ. ಬಸ್ಸಿನವರು ನಾವು ತಲೆ ಎಣಿಸುತ್ತೇವೆ. ಸೀಟು ನಲವತ್ತೆಂಟಿದ್ದರೆ ಮಕ್ಕಳು ನಲವತ್ತೆಂಟು, ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ನಾನು ಬಸ್ಸನ್ನು ತೂಗಿದವಳಲ್ಲ. ಇಲ್ಲಿ ಸೀಟು ಎರಡು, ನಾವೂ ಇಬ್ಬರು.

"ಏನೇ, ತಗೊಳ್ಳೋಣ್ವಾ?" ಎಂದು ಕೇಳಿದೆ.

"ನನ್ನೇನ್ ಕೇಳ್ತೀಯ ಅಕ್ಕ, ಗಾಡಿ ವಿಷ್ಯ ನಿಂಗ್ ಗೊತ್ತು," ಎಂದಳು. ಅವಳಾಗಲೇ ಕಿಟಕಿಗೆ ಪರದೆಯ ಅಳತೆ ತೆಗೆಯುತ್ತಿದ್ದಳು.

ಮೂವತ್ತೆಂಟು ಸಾವಿರ ಕೊಟ್ಟು ತಂದೆವು. ಮೂರು ವಾರ ಖುಷಿಯಾಗಿದ್ದೆವು, ಸುಳ್ಳು ಹೇಳುವುದಿಲ್ಲ. ಕೊರಲಿ ಹಳದಿ ಪರದೆ ಹೊಲಿದಳು. ಹೊಲಿಗೆ ಯಂತ್ರಕ್ಕೆ ಜಾಗ ಮಾಡಿಕೊಂಡಳು, ದಾರಿಯಲ್ಲಿ ಕ್ಯಾಂಪು ಹಾಕಿದವರ ಪ್ಯಾಂಟು, ಚಪ್ಪರದ ಬಟ್ಟೆ ಹೊಲಿದು ನಾಲ್ಕು ಕಾಸು ಮಾಡುವ ಲೆಕ್ಕ. ಮೇಲಿನ ಹಾಸಿಗೆ ಅವಳಿಗೆ, ಕೆಳಗಿನದು ನನಗೆ ಎಂದು ಜಗಳವಿಲ್ಲದೆ ತೀರ್ಮಾನವಾಯಿತು. ನಾನು ಆ ಏಣಿ ಹತ್ತಿದರೆ ಏಣಿಯ ಗತಿಯೇನು ಎಂದು ಅವಳು ನಕ್ಕಳು, ನಾನೂ ನಕ್ಕೆ.

ಆಮೇಲೆ ವಿಮೆಯವರು ಫೋನ್ ಮಾಡಿದರು. ಪೂರ್ತಿ ಸಾಮಾನು ತುಂಬಿ ತೂಕ ಹಾಕಿಸಿ ಚೀಟಿ ಕಳಿಸಿ ಎಂದರು. ಅದೇನು ಮಹಾ ಎಂದುಕೊಂಡು ರೈಲು ಹಳಿಯ ಪಕ್ಕದ ಗೋಧಿ ಕಣಜದಲ್ಲಿ ಲಾರಿಗಳನ್ನು ತಗಡಿನ ಮೇಲೆ ಹತ್ತಿಸಿ ತೂಗುವ ವೇಬ್ರಿಡ್ಜ್‌ಗೆ ಹೋದೆವು. ಅಲ್ಲಿ ತೂಕ ನೋಡುವವನು ಟ್ರೆಂಟ್. ಆರು ವರ್ಷ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಗಲಾಟೆ ಮಾಡಿದವನು, ಈಗ ತಲೆ ಬೋಳಾಗಿ ಇಬ್ಬರು ಮಕ್ಕಳ ತಂದೆ. ಗಾಡಿ ಹತ್ತಿಸಿದೆವು. ಅವನು ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಮಿಸೆಸ್ ಪೋಲ್ನರ್, ಒಳಗ್ ಪಿಯಾನೋ ಏನಾದ್ರೂ ಇಟ್ಟಿದೀರಾ? ಮುನ್ನೂರಿಪ್ಪತ್ತು ಕಿಲೋ ಜಾಸ್ತಿ ಬರ್ತಿದೆ."

ಇನ್ನೊಮ್ಮೆ ನೋಡು ಎಂದೆ. ನೋಡಿದ, ಅಷ್ಟೇ ಇತ್ತು.

ದಾರಿಯಲ್ಲಿ ಕೊರಲಿ ಹೇಳಿದಳು, "ಇರ್ಲಿ ಬಿಡಕ್ಕ. ಅರ್ಧ ದೇಶ ಹೀಗೇ ಓಡಾಡುತ್ತೆ. ಯಾರ್ ನೋಡ್ತಾರೆ?"

ಆಗ ನಾನು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಇರಲಿಲ್ಲ. ನನ್ನ ಬಾಯಿಗೆ ಬೀಗವಿಲ್ಲ, ಅದರಲ್ಲೂ ಗಾಡಿಯ ಮಾತು ಬಂದರೆ. ತೂಕ ಮೀರಿದ ಗಾಡಿ ಇಳಿಜಾರಿನಲ್ಲಿ ಏನಾಗುತ್ತದೆ ಎಂದು ಮನೆ ಮುಟ್ಟುವವರೆಗೂ ಕೊರೆದೆ. ಘಾಟಿಯಲ್ಲಿ ಬ್ರೇಕು ಸುಟ್ಟು ಹೊಗೆಯಾಡುವುದು, ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲದಿರುವುದು, ನನ್ನ ಕಣ್ಣೆದುರೇ ಒಂದು ಲಾರಿ ತಿರುವಿನಲ್ಲಿ ಕೆಳಗೆ ಹೋದದ್ದು.

"ನಿನ್ ಜೊತೆಗೆ ಎದುರಿಂದ ಬರೋರ್ನೂ ಕೊಲ್ತೀಯ. ವಿಮೆಯೋರು ಒಂದ್ ಕಾಸೂ ಬಿಚ್ಚಲ್ಲ. ತೂಕ ಮೀರಿ ಒಂದಡೀನೂ ಓಡಿಸ್ಕೂಡ್ದು, ತಿಳೀತಾ?"

ಕೊರಲಿಯ ಮುಖ ಬಿಳಿಚಿಕೊಂಡಿತ್ತು. ಜೀವಮಾನವಿಡೀ ಪುಟ್ಟ ಕಾರು ಬಿಟ್ಟು ಬೇರೇನೂ ಓಡಿಸದವಳು ಅವಳು. "ಆಯ್ತಕ್ಕ," ಎಂದಳು.

ಕ್ಲೈವ್‌ಗೆ ಫೋನ್ ಮಾಡಿ ಬೈದೆ. ಅವನು ಪಾಪ, ನಿಜವಾಗಿ ಬೆರಗಾದ. "ನಾನೊಬ್ನೇ ಇದ್ದೆ ಕಣಮ್ಮ, ಯಾವತ್ತೂ ತೂಕ ಹಾಕ್ಸಿಲ್ಲ," ಎಂದ. ಹಣ ಆಗಲೇ ಮಗನ ಮನೆಯ ಹಿಂದೆ ಕೋಣೆ ಕಟ್ಟಿಸಲು ಹೋಗಿತ್ತು. ನಾವು ಮತ್ತೆ ಮಾರೋಣವೆಂದರೆ, ತೂಕದ ವಿಷಯ ಹೇಳಿದ ಕೂಡಲೇ ಕೇಳಿದವರು ಫೋನ್ ಇಡುತ್ತಿದ್ದರು. ಹೇಳದೆ ಮಾರಲು ಕೊರಲಿ ಒಪ್ಪಲಿಲ್ಲ, ನಾನೂ ಒಪ್ಪುತ್ತಿರಲಿಲ್ಲ.

ಆದ್ದರಿಂದ ಕಳಚಲು ಶುರುಮಾಡಿದೆವು. ಮೆಕ್ಯಾನಿಕ್ ಬಂದು ಕಬ್ಬಿಣದ ಬಂಪರ್, ಚಪ್ಪರ ಎರಡನ್ನೂ ಬಿಚ್ಚಿದ, ಕೂಲಿಯ ಬದಲು ಅವನ್ನೇ ಇಟ್ಟುಕೊಂಡ. ಒಂದು ನೀರಿನ ಟ್ಯಾಂಕು ತೆಗೆಸಿ, ಇನ್ನೊಂದಕ್ಕೆ ಕಾಲು ಭಾಗ ಮಾತ್ರ ತುಂಬಿದೆವು. ಸೋಲಾರ್ ತೆಗೆಯುವ ಹಾಗಿಲ್ಲ, ನನ್ನ ಇನ್ಸುಲಿನ್ನಿಗೆ ಫ್ರಿಜ್ಜು ಬೇಕು. ಆಮೇಲೆ ಬಚ್ಚಲಮನೆಯ ತೂಕದ ಯಂತ್ರವನ್ನು ಅಂಗಳಕ್ಕೆ ತಂದು ಒಂದೊಂದೇ ಸಾಮಾನು ತೂಗಿದೆವು. ಅಮ್ಮನ ಎರಕದ ಕಡಾಯಿ ಹೋಯಿತು. ನನ್ನ ಸ್ಪ್ಯಾನರ್ ಪೆಟ್ಟಿಗೆ ಹೋಯಿತು. ಕ್ಲಬ್ಬಿನ ಹುಲ್ಲಿನ ಮೇಲೆ ಮೂವತ್ತು ವರ್ಷ ಉರುಳಿಸಿದ ನನ್ನ ಬೌಲ್ಸ್ ಆಟದ ನಾಲ್ಕು ಭಾರದ ಚೆಂಡುಗಳನ್ನು ಎದುರು ಮನೆಯವನಿಗೆ ಕೊಟ್ಟೆ. ಕೊರಲಿ ಫೋಟೋಗಳನ್ನು ಚೌಕಟ್ಟಿನಿಂದ ಬಿಡಿಸಿ, ಲಕೋಟೆಗೆ ಹಾಕಿ, ಲಕೋಟೆಯನ್ನೂ ತೂಗಿದಳು.

"ನನ್ನ ಗಂಡನ ಫೋಟೋ ಎಲ್ಲಾ ಸೇರಿ ಇನ್ನೂರು ಗ್ರಾಂ," ಎಂದಳು. "ಇದ್ದಾಗ್ಲೂ ಅಷ್ಟೇ, ಹಗುರ ಮನುಷ್ಯ."

ಹೊಲಿಗೆ ಯಂತ್ರ ಹದಿಮೂರು ಕಿಲೋ ತೂಗಿತು.  ಅದಿಲ್ಲದೆ ಡೀಸೆಲ್ಲಿಗೆ ದುಡ್ಡಿಲ್ಲ. ಉಳಿಸಿಕೊಂಡೆವು.

ಮೇ ಮೂವತ್ತೊಂದರಂದು ಬೆಳಿಗ್ಗೆ ಮನೆಯ ಬೀಗದ ಕೈ ಏಜೆಂಟ್ ಹುಡುಗಿಗೆ ಕೊಟ್ಟೆವು. ಅಲ್ಲಿಂದ ನೇರ ಗೋಧಿ ಕಣಜಕ್ಕೆ. ಗಾಳಿ ಬೀಸುತ್ತಿತ್ತು, ಗೋಧಿಯ ಹೊಟ್ಟು ಕಣ್ಣಿಗೆ ಹಾರುತ್ತಿತ್ತು. ನಮ್ಮ ಹಿಂದೆ ಒಂದು ಗೋಧಿ ಲಾರಿ ಬಂದು ನಿಂತಿತು.

ಕೊರಲಿ ಗಾಡಿಯನ್ನು ನಿಧಾನವಾಗಿ ತಗಡಿನ ಮೇಲೆ ಹತ್ತಿಸಿದಳು. ಟ್ರೆಂಟ್ ತುಟಿ ಕಚ್ಚಿಕೊಂಡ.

"ಎಂಬತ್ತು ಕಿಲೋ, ಮಿಸೆಸ್ ಪೋಲ್ನರ್. ಇನ್ನೂ ಎಂಬತ್ತು ಜಾಸ್ತಿ ಇದೆ."

ಒಳಗೆ ಇನ್ನೇನು ಉಳಿದಿದೆ ಎಂದು ಮನಸ್ಸಿನಲ್ಲೇ ಹುಡುಕಿದೆ. ನಾಲ್ಕು ತಟ್ಟೆ, ಎರಡು ಪಾತ್ರೆ, ಕಂಬಳಿ, ಬಟ್ಟೆ. ಹೊಲಿಗೆ ಯಂತ್ರವನ್ನು ಎಸೆದರೂ ಕಾಲು ಪಾಲು ಇಳಿಯುವುದಿಲ್ಲ. ಕಾಲು ಜೋಮು ಹಿಡಿದಿತ್ತು. ಕೆಳಗಿಳಿದು ಸ್ವಲ್ಪ ನಿಂತರೆ ತಲೆ ಓಡೀತು ಎಂದು ಬಾಗಿಲು ತೆಗೆದು ಇಳಿದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ. ತಗಡು ದಾಟಿ ಮಣ್ಣಿನ ಮೇಲೆ ನಿಂತೆ.

"ಆಯ್ತು ಆಯ್ತು!" ಎಂದು ಟ್ರೆಂಟ್ ಕಿಟಕಿಯಿಂದ ಕೂಗಿದ. ಅವನ ಕಣ್ಣು ಅಂಕಿಯ ಮೇಲಿತ್ತು, ನಾನು ಇಳಿದದ್ದನ್ನು ಅವನು ನೋಡಿರಲಿಲ್ಲ. "ಏನ್ ಮಾಡಿದ್ರಿ? ಈಗ ಸರಿಯಾಗಿದೆ! ಮಿತಿಗಿಂತ ಇಪ್ಪತ್ತೆಂಟು ಕಿಲೋ ಕಮ್ಮೀನೇ ಇದೆ!"

ಚೀಟಿ ಮುದ್ರಿಸಿ ಕೈಯಲ್ಲಿ ಹಿಡಿದು ಹೊರಗೆ ಬಂದವನು ನನ್ನನ್ನು ನೋಡಿ ಅಲ್ಲೇ ನಿಂತ. ಅವನ ಬೋಳು ತಲೆ ಕೆಂಪಾಯಿತು. ಚೀಟಿಯನ್ನು ಕೊರಲಿಯ ಕಿಟಕಿಗೆ ಕೊಟ್ಟು ಒಳಗೆ ಹೋದ.

ಕೊರಲಿ ಚೀಟಿ ಓದಿದಳು. ಎರಡು ಸಲ ಓದಿದಳು. ಅವಳು ಅದನ್ನು ಹರಿದು ಹಾಕಿ, ಗಾಡಿ ಹತ್ತು ಅಕ್ಕ, ಏನಾದರಾಗಲಿ ಎನ್ನುತ್ತಾಳೆ ಎಂದು ನಾನು ಕಾದೆ. ಎಂದಿದ್ದರೆ ನಾನು ಬೈಯುತ್ತಿದ್ದೆ, ಬ್ರೇಕಿನ ಕಥೆ ಮತ್ತೆ ಹೇಳುತ್ತಿದ್ದೆ, ಆಮೇಲೆ ಹತ್ತುತ್ತಿದ್ದೆ. ದೇವರಾಣೆ ಹತ್ತುತ್ತಿದ್ದೆ. ಅಷ್ಟು ಹೊತ್ತಿಗೆ ನನಗೆ ಯಾವ ಇಳಿಜಾರಿನ ಭಯವೂ ಉಳಿದಿರಲಿಲ್ಲ. ಆದರೆ ಅವಳಿಗೆ ಆ ಭಯ ಹುಟ್ಟಿಸಿದ್ದು ನಾನೇ, ಅವಳೊಳಗೆ ಅದು ಗಟ್ಟಿಯಾಗಿ ಕೂತಿತ್ತು. ಅವಳು ಚೀಟಿಯನ್ನು ಮಡಿಸಿ ಜೇಬಿಗಿಟ್ಟಳು.

ಹಿಂದಿನ ಲಾರಿಯವನು ಒಂದು ಸಲ ಹಾರ್ನ್ ಹೊಡೆದ.

ಕೊರಲಿ ಕಿಟಕಿಯಿಂದ ಬಗ್ಗಿದಳು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅಕ್ಕಾ," ಎಂದಳು, "ನಿನ್ನ ಎಲ್ಲಿಗೆ ಬಿಡ್ಲಿ?"

 ಯಾವುದಾದರೊಂದು ಊರಿನ, ಯಾವುದಾದರೊಂದು ಬಾಗಿಲಿನ ಹೆಸರು ಹೇಳಬೇಕೆಂದು ಬಾಯಿ ತೆರೆದೆ. ಒಂದೂ ಇರಲಿಲ್ಲ.

"ಗೊತ್ತಿಲ್ಲ ಕಣೇ," ಎಂದೆ. "ಮೊದ್ಲು ಗಾಡಿ ಮುಂದಕ್ ತೆಗಿ, ಹಿಂದೆ ಲಾರಿಯೋನು ಕಾಯ್ತಿದಾನೆ."