ಗೀರು ಬೀಳದ ಪಂಪು

"ಲ್ಯಾಬಿನ ಕೀ ಕೊಟ್ಟುಬಿಡಿ ಸಕೀನಕ್ಕಾ," ಎಂದು ಲ್ಯಾನ್ಸ್‌ಲಾಟ್ ಕೈಚಾಚಿದರು.

ಗಲ್ಫಿನ ಬಿನ್ ಒಮ್ರಾನ್ ಬಡಾವಣೆಯ ಆ ಫ್ಲ್ಯಾಟಿನ ಬಾಗಿಲಲ್ಲಿ ಗಂಡಸರು ಕಬರಸ್ತಾನಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರು. ಪಕೀರಬ್ಬ ಮಾಸ್ತರು ಸತ್ತು ಒಂದು ದಿನವೂ ಆಗಿರಲಿಲ್ಲ. ಅವರು ಕಲಿಸುತ್ತಿದ್ದ ಸಂಜೆ ಕಾಲೇಜಿನ ಪ್ರಿನ್ಸಿಪಾಲ್ ಲ್ಯಾನ್ಸ್‌ಲಾಟರಿಗೆ ಅಷ್ಟೂ ತಾಳ್ಮೆ ಇರಲಿಲ್ಲ.

"ನನ್ನ ಗಂಡನ ಮಣ್ಣಾಗ್ಲಿಕ್ಕಾದ್ರೂ ಬಿಡಿ ಸಾರ್."

"ನಂಗೂ ಬೇಜಾರುಂಟು. ಆದ್ರೆ ನಾಳೆ ಬೆಳಿಗ್ಗೆ ಗ್ರಾಂಟಿನವರು ಬರ್ತಾರೆ. ಪಂಪು ಹೊಸದೇ ಕಾಣ್ಬೇಕು. ಇಲ್ಲದಿದ್ರೆ ಮುಂದಿನ ವರ್ಷದ ಗ್ರಾಂಟು ಖಲಾಸ್."

ಸಕೀನಾ ಶಾಲಿನ ತುದಿಯ ಗಂಟು ಬಿಚ್ಚಿದಳು. ಲ್ಯಾನ್ಸ್‌ಲಾಟರ ಕೈ ದಾಟಿ ಹೋಗಿ, ಕೀಯನ್ನು ಕೆನೆತ್‌ನ ಅಂಗೈಗೆ ಹಾಕಿದಳು. ಮೆಸಯೀದಿನ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದ ಅವನು ಮಾಸ್ತರರ ಸಂಜೆ ಕ್ಲಾಸಿನ ವಿದ್ಯಾರ್ಥಿ.

"ಇದು ಅವರ ಕ್ಲಾಸಿನ ಮಕ್ಕಳಿಗೆ," ಎಂದಳು.

*

ತಂತ್ರಜ್ಞಾನದ ಕಲಿಕೆ ಸುಧಾರಿಸಲೆಂದು ಬಂದ ಅನುದಾನದಲ್ಲಿ, ಹಿಂದಿನ ವರ್ಷ, ೨೦೦೬ರಲ್ಲಿ ಆ ಬಿಳಿ ಪಂಪು ಕಾಲೇಜಿಗೆ ಬಂದಿತ್ತು. ಬಿಚ್ಚಿ ಜೋಡಿಸಿ ಕಲಿಯಲಿಕ್ಕೆಂದೇ ಬಂದದ್ದು. ಲ್ಯಾನ್ಸ್‌ಲಾಟ್ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ 'ಮುಟ್ಟಬೇಡಿ' ಎಂಬ ಬೋರ್ಡು ತೂಗುಹಾಕಿದರು. ವಿದ್ಯಾರ್ಥಿಗಳು ಅದರ ಎದುರಿನಲ್ಲೇ ಕುಳಿತು, ಗೋಡೆಯ ಚಿತ್ರ ನೋಡಿ ಪಂಪು ಕಲಿತರು. ಮಾಸ್ತರರಿಗೆ ಮೈಯೆಲ್ಲ ಉರಿಯುತ್ತಿತ್ತು. ತಮ್ಮ ಕೊನೆಯ ಸಂಜೆ ಅವರು, ಪಂಪು ಬಿಚ್ಚಿಸುತ್ತೇನೆಂದು ಪ್ರಿನ್ಸಿಪಾಲರ ಎದುರು ನಿಂತರು.

"ಗೀರು ಬಿದ್ರೆ ಯಾರು ಜವಾಬ್ದಾರಿ?" ಎಂದರು ಲ್ಯಾನ್ಸ್‌ಲಾಟ್.

"ನಾನು. ಗೀರು ಬೀಳದಿದ್ರೆ ನಾವು ಏನೂ ಕಲಿಸ್ಲಿಲ್ಲ ಅಂತ ಅರ್ಥ ಸಾರ್. ಅದಕ್ಕೆ ಯಾರು ಜವಾಬ್ದಾರಿ?"

ಅಂದು ರಾತ್ರಿ ಲ್ಯಾಬಿಗಿದ್ದ ಒಂದೇ ಕೀಯನ್ನು ಜೇಬಿಗೆ ಹಾಕಿಕೊಂಡು ಮಾಸ್ತರು ಮನೆಗೆ ಬಂದರು. ನಾಳೆ ಬಿಚ್ಚಿಸಿಯೇ ಬಿಡುತ್ತೇನೆ ಎಂದು ಸಕೀನಾಳ ಮುಂದೆ ಗುಡುಗಿ, ಉಂಡು ಮಲಗಿದವರು ಮತ್ತೆ ಏಳಲಿಲ್ಲ.

*

ಕಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ನೀರು ಚಿಮುಕಿಸಿದ ಕಬರನ್ನು ವಿದ್ಯಾರ್ಥಿಗಳು ಅಂಗೈಯಿಂದ ತಟ್ಟಿ ಸಮ ಮಾಡಿದರು. ಆಮೇಲೆ ಉಳಿದವರು ಕೈ ತೊಳೆಯಲು ನಲ್ಲಿಯತ್ತ ಹೋದರೆ, ಕೆನೆತ್ ನೇರ ವ್ಯಾನು ಹತ್ತಿದ. ಅವನ ಹಿಂದೆಯೇ ಕ್ಲಾಸಿನವರೆಲ್ಲ ಹತ್ತಿದರು.

ಲ್ಯಾನ್ಸ್‌ಲಾಟ್ ಕಾರಿನಲ್ಲಿ ಬೆನ್ನುಹತ್ತಿ ಕಾಲೇಜು ಮುಟ್ಟುವಷ್ಟರಲ್ಲಿ ಲ್ಯಾಬು ತೆರೆದಿತ್ತು, ಪ್ಲಾಸ್ಟಿಕ್ ಹರಿದು ಮೂಲೆ ಸೇರಿತ್ತು. ಕೆನೆತ್ ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದ.

"ಮಾರಾಯ್ರೇ, ಕೈಯಾದ್ರೂ ತೊಳ್ಕೊಳ್ಳಿ! ನಾಳೆ ಅವರು ನೋಡ್ತಾರೆ!"

"ನೋಡ್ಲಿ ಸಾರ್," ಎಂದ ಕೆನೆತ್, ಸ್ಪ್ಯಾನರ್ ತಿರುಗಿಸುತ್ತ.

ಬೆಳಿಗ್ಗೆ ಗ್ರಾಂಟಿನವರು ಒಳಗೆ ಬಂದಾಗ ಪಂಪಿನ ಭಾಗಗಳು ನೆಲದ ತುಂಬ ಹರಡಿದ್ದವು. ಬಿಚ್ಚಿದ ಬೋಲ್ಟುಗಳು ಉರುಳಿಹೋಗದಂತೆ 'ಮುಟ್ಟಬೇಡಿ' ಬೋರ್ಡಿನ ಮೇಲೆ ಕುಳಿತಿದ್ದವು. ಬಿಳಿ ಕವಚದ ಮೇಲೆಲ್ಲ ಒಣಗಿದ ಕಬರಿನ ಮಣ್ಣಿನ ಅಂಗೈ ಗುರುತುಗಳು, ಒಂದರ ಮೇಲೊಂದು.